ಮಾತ್ರೆಗೆ ಮಾತ್ರ ಬಿಸ್ಕತ್ತು

ಬುಧವಾರ, ಸಂಜೆ
ಮಹಡಿಯ ಕೋಣೆ

ನನ್ನ ಏಕೈಕ ಪತ್ನಿಯೂ ಸದ್ಯದ ಶತ್ರುವೂ ಆದವಳಿಗೆ,

ನಮ್ಮ ಅಡುಗೆಮನೆಯಲ್ಲಿ ಕಳ್ಳತನವಾಗಿದೆ. ಕಳ್ಳ ನಾನೇ. ನೀನು ಸ್ನಾನಕ್ಕೆ ಹೋದ ಹೊತ್ತು ನೋಡಿ, ಪೂರ್ಣ ಪ್ರಜ್ಞೆಯಿಂದ, ಡಬ್ಬಿಯ ಬಿಸ್ಕತ್ತು ಕದ್ದಿದ್ದೇನೆ. ನನ್ನ ಉಪವಾಸ ಮುಷ್ಕರ ಮುರಿಯಿತೆಂದು ಬೀಗಬೇಡ. ಬಿಸ್ಕತ್ತು ಮಾತ್ರೆಗೆ, ನನಗಲ್ಲ.

ಇಲ್ಲಿ ಎಲ್ಲ ಕ್ಷೇಮ. ನಿನ್ನ ಕ್ಷೇಮ ಪಾತ್ರೆಗಳ ಸದ್ದಿನಿಂದ ತಿಳಿಯುತ್ತಿದೆ. ಬರೆಯಲು ತಡವಾಯಿತು, ಪೆನ್ನು ಎಲ್ಲಿದೆಯೆಂದು ಕೇಳೋಣವೆಂದರೆ ನಿನ್ನೊಡನೆ ಮಾತು ಬಿಟ್ಟಿದ್ದೆ.

ಮುಷ್ಕರದ ಕಾರಣ ಮರೆತವಳಂತೆ ನಟಿಸುತ್ತಿದ್ದೀಯ. ನೆನಪಿಸುತ್ತೇನೆ. ಮಗಳ ಅತ್ತೆ ಮಾವ ವಾರ ಇದ್ದು ಹೊರಡುವ ಮುನ್ನಾದಿನದ ಊಟ. ಬೀಗರು ನನ್ನ ಪಾಠದ ವೈಖರಿಯನ್ನು ಹೊಗಳುತ್ತಿದ್ದರು. ನೀನು ಸೌಟು ಎತ್ತಿ ಹಿಡಿದು ಹೇಳಿದೆ: "ಮೊದ್ಲು ಹೊಟ್ಟೆ ತುಂಬ ತಿನ್ನಿ, ಆಮೇಲೆ ಆ ಪ್ರಾಸ್ಟೇಟ್ ಮಾತ್ರೆ ನುಂಗಿ. ಇಲ್ದಿದ್ರೆ ರಾತ್ರಿಯೆಲ್ಲ ಬಚ್ಚಲಿಗೆ ಮೆರವಣಿಗೆ."

ಬೀಗಿತ್ತಿಗೆ ನೀರು ನೆತ್ತಿಗೇರಿತು. ಬೀಗರು ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದರು. ನನ್ನ ಮಾನವನ್ನೇ ಇರಬೇಕು.

ಕಾಲೇಜಿನಲ್ಲಿ ನನ್ನೆದುರು ಕೆಮ್ಮಲು ಹುಡುಗರು ಹೆದರುತ್ತಿದ್ದರು. ಅಂಥವನ ಒಳಾಂಗವನ್ನು ನೀನು ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟು ಬಡಿಸಿದೆ. ಇದನ್ನು ನಾನು ಕ್ಷಮಿಸುವುದಿಲ್ಲ. ಸ್ವಾಭಿಮಾನಿ ಹೇಗೆ ಎದ್ದು ಹೋಗುತ್ತಾನೆಂದು ಎಲ್ಲರೂ ನೋಡಿದರು. ಕುರ್ಚಿಯ ಮೆತ್ತೆಯನ್ನೂ ಕಿತ್ತುಕೊಂಡು, ಪೀಠಸಮೇತ ಸಭಾತ್ಯಾಗ ಮಾಡಿದೆ.

ಇವತ್ತು ಡಾಕ್ಟರ ಬಳಿಯೂ ಜಗಳವಾಡಿದೆ. "ನಿಮ್ಮ ಮಾತ್ರೆ ದಂಡ ಕಣ್ರೀ" ಎಂದೆ.

"ಊಟ ಆದ ತಕ್ಷಣ ತಗೊಳ್ತಿದ್ದೀರಾ, ಸಾರ್?"

"ಬಿಸ್ಕತ್ತಿನ ಜೊತೆ. ಮನೆಯಲ್ಲಿ ಜಗಳವಾದಾಗಿನಿಂದ ಊಟ ಬಿಟ್ಟಿದ್ದೇನೆ."

"ಅದಕ್ಕೂ ಮುಂಚೆ?"

ಬೀಗರ ಕಣ್ಣಿಗೆ ಬೀಳದಿರಲೆಂದು ಇಡೀ ವಾರ ಬಚ್ಚಲ ಬಾಗಿಲು ಹಾಕಿಕೊಂಡು ಬರಿಹೊಟ್ಟೆಗೆ ನುಂಗಿದ್ದನ್ನು ಹೇಳಬೇಕಾಯಿತು.

"ಹಾಗೆ ತಗೊಂಡ್ರೆ ಈ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ. ತಲೆ ಸುತ್ತೋದೊಂದೇ ಲಾಭ. ಬಿಸ್ಕತ್ತು ಊಟ ಅಲ್ಲ ಸಾರ್, ಮನೆಯವ್ರ ಹತ್ರ ರಾಜಿ ಮಾಡ್ಕೊಂಡು ಊಟ ಹಾಕಿಸ್ಕೊಳ್ಳಿ."

ಆತನೂ ನಿನ್ನ ಪಕ್ಷ.

ಆದ್ದರಿಂದ ವೈದ್ಯಕೀಯ ಕಾರಣಕ್ಕಾಗಿ ಮುಷ್ಕರವನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಂಡಿದ್ದೇನೆ. ಊಟ ಮಾಡುತ್ತೇನೆ, ಕೋಪ ಬಿಡುವುದಿಲ್ಲ. ಕೋಪ ಖಾಲಿ ಹೊಟ್ಟೆಯಲ್ಲೂ ಮೈಗೆ ಹತ್ತುತ್ತದೆ, ತುಂಬಿದ ಹೊಟ್ಟೆಯಲ್ಲೂ ಹತ್ತುತ್ತದೆ.

ನೂರು ಕಾಲ ಬಾಳು. ಜಗಳವಾಡಲು ನನಗೆ ಬೇರೆ ಯಾರಿದ್ದಾರೆ.

ಇತಿ,
ಮಹಡಿಯವನು

ತಾ.ಕ.: ನೀನು ಬಾಯಿ ತೆರೆಯುವ ಮೊದಲೇ ಅದು ಆಗಿಹೋಗಿತ್ತು, ಬೀಗರು ಹೊಗಳುತ್ತಿದ್ದಾಗಲೇ. ಎಲ್ಲರೆದುರು ಏಳುವುದು ಹೇಗೆಂದು ಬೆವರುತ್ತ ಕೂತಿದ್ದೆ. ನನಗೆ ಸಿಟ್ಟಾಗಲು ನೀನು ಒಂದು ಕಾರಣ ಕೊಟ್ಟೆ, ಎದ್ದೆ. ಒದ್ದೆಯಾದ ಮೆತ್ತೆಯನ್ನು ಹಿಂದೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದು ಅದಕ್ಕೆ. ನೀನು ನೋಡಿಬಿಟ್ಟೆಯೇನೋ ಎಂದು ಇಷ್ಟು ದಿನ ನಿನ್ನ ಮುಖ ನೋಡಿಲ್ಲ. ಮೆತ್ತೆ ನನ್ನ ಮಂಚದ ಕೆಳಗಿದೆ. ನಾನೇ ಒಗೆದೆ. ಇನ್ನೂ ವಾಸನೆ ಹೋಗಿಲ್ಲ. ಹೇಗೆ ಒಗೆಯಬೇಕೆಂದು ಹೇಳು.