ಹಗ್ಗ ನಡುವೆಯೇ ಇರಲಿ

ಪ್ರೀತಿಯ ರತ್ನಕ್ಕ,

ಕೈಗಾಡಿ ಕೊಡುತ್ತೇನೆ ಎಂದಿದ್ದರು, ಕೊಡಲಿಲ್ಲ. ಒಂದು ಚಪ್ಪಡಿಗೆ ನಾಲ್ಕು ಜನ ಎಂದಿದ್ದರು, ಹೊತ್ತದ್ದು ನಾವಿಬ್ಬರೇ. ನಡುಮಧ್ಯಾಹ್ನ ಕಲ್ಲು ಹೊರುವುದು ಬೇಡ ಎಂದಿದ್ದರು, ಹೊರಿಸಿದರು. ಕಾಪುವಿನ ಆ ರೆಸಾರ್ಟಿನ ತೋಟಕ್ಕೆ ಕಾರ್ಕಳದಿಂದ ಕಲ್ಲಿನ ಲಾರಿ ಬಂದ ದಿನ ಕಂಟ್ರಾಕ್ಟರ್ ವಿಕಾಸ್ ಕೊಟ್ಟ ಮಾತುಗಳಿವು. ಅತಿಥಿಗಳ ಕಾಲಿಗೆ ಕೆಸರು ತಾಗಬಾರದಂತೆ. ಹಾದಿ ಹಾಸುವವರ ಬೆನ್ನಿನ ಗತಿ ಯಾರಿಗೂ ಬೇಡ.

ಇದನ್ನೆಲ್ಲ ಭಾನುವಾರ ನಮ್ಮ ಕೆಲಸದವರ ಸಭೆಯಲ್ಲಿ ಕೂಗಿ ಹೇಳುತ್ತೇನೆ. ನಿಮಗೆ ಬರೆಯುತ್ತಿರುವುದು ಬೇರೆ. ನನಗೆ ಹೆದರಿಕೆಯಾಗಿದೆ. ಪೊಲೀಸ್ ಜೀಪಿನ ಎದುರು ಕೂತು ಘೋಷಣೆ ಕೂಗಿದವಳು ನಾನು. ನಿಮ್ಮ ಎಡಗಾಲಿನ ಚಪ್ಪಲಿ ನೋಡಿ ಹೆದರಿದ್ದೇನೆ.

ನಿನ್ನೆ ಚಪ್ಪಡಿಯನ್ನು ಮರದ ಗಳಕ್ಕೆ ತೂಗುಹಾಕಿ ಹೊರುತ್ತಿದ್ದೆವು. ನೀವು ಮುಂದೆ, ನಾನು ಹಿಂದೆ. ನಿಮ್ಮ ಚಪ್ಪಲಿ ಕಳಚಿ ಜಲ್ಲಿಯಲ್ಲೇ ಉಳಿಯಿತು. ನೀವು ಬರಿಗಾಲಲ್ಲಿ ಚೂಪು ಜಲ್ಲಿ ತುಳಿಯುತ್ತ ಹೋದಿರಿ. ಗೊತ್ತೇ ಆಗಲಿಲ್ಲ ನಿಮಗೆ. ಕಲ್ಲು ಇಳಿಸಿದ ಮೇಲೆ ಹೇಳಿದರೆ ನಕ್ಕಿರಿ. "ಕಾಲು ಸ್ವಲ್ಪ ಮರಗಟ್ಟಿದೆ ಮಾರಾಯ್ತಿ, ಬೇರೆ ಎಂತ ಇಲ್ಲ. ವಿಕಾಸನ ಹತ್ರ ಹೇಳಬೇಡ, ನಾಳೆಯಿಂದ ಬರುದು ಬೇಡ ಅಂತಾನೆ."

ಅಂಗಾಲಿನಲ್ಲಿ ರಕ್ತ ಇತ್ತು, ರತ್ನಕ್ಕ. ಭಾರ ಹೊತ್ತು ಬೆನ್ನಿನ ನರ ಒತ್ತಿದರೆ ಕಾಲು ಹೀಗೆ ಮರಗಟ್ಟುತ್ತದಂತೆ.

ಆಮೇಲೆ ಗಳ ನೋಡಿದೆ. ನಾನು ನಡುವೆ ಕಟ್ಟಿದ ಹಗ್ಗ ನಿಮ್ಮ ಭುಜದ ಕಡೆಗೆ ಒಂದು ಗೇಣು ಸರಿದಿತ್ತು. ತಾನಾಗಿ ಸರಿದದ್ದಲ್ಲ. ಎತ್ತುವ ಮೊದಲು ನೀವೇ ಸದ್ದಿಲ್ಲದೆ ಎಳೆದುಕೊಳ್ಳುತ್ತೀರಿ, ಭಾರ ನಿಮ್ಮ ಮೇಲೆ ಬರಲಿ ಎಂದು. "ನೀನು ಸಣ್ಣವಳು, ನಿನಗೆ ಇನ್ನು ಹೆರಲಿಕ್ಕೆ ಉಂಟು" ಎಂದಿದ್ದಿರಲ್ಲ ಒಮ್ಮೆ. ನನ್ನ ಪಾಲಿನ ಭಾರ ಕದಿಯಲು ನಿಮಗೆ ಯಾರು ಹೇಳಿದರು? ಧಣಿಗೆ ಲಾಭವಾಗುವ ಪ್ರೀತಿ ಇದು. ನಾಲ್ವರ ಕೆಲಸ ಇಬ್ಬರಿಂದ ಆಗುತ್ತದೆ ಎಂದು ಅವನು ಕಲಿತದ್ದು ಇದರಿಂದಲೇ.

ಕಣ್ಣು ಮುಚ್ಚಿದರೆ ನೀವು ಬೀಳುತ್ತೀರಿ. ಕಲ್ಲು ನಿಮ್ಮ ಮೇಲೆ. ಗಳದ ಇನ್ನೊಂದು ತುದಿ ನನ್ನ ಕೈಯಲ್ಲಿ.

ನಾಳೆ ಮಣಿಪಾಲಕ್ಕೆ ಹೋಗಿ ಡಾಕ್ಟರಿಗೆ ತೋರಿಸುವ, ನಾನೂ ಬರುತ್ತೇನೆ. ಅಲ್ಲಿಯವರೆಗೆ ಮನೆಯಲ್ಲಿ ಕೊಡಪಾನ ಸಹ ಎತ್ತಬೇಡಿ. ಡಾಕ್ಟರು ಒಪ್ಪಿದ ಮೇಲೆ ಕೆಲಸಕ್ಕೆ ಬಂದರೂ ಗೊಬ್ಬರದ ಚೀಲವನ್ನು ಎರಡು ಪಾಲು ಮಾಡಿ. ಬೆನ್ನು ಬಗ್ಗಿಸದೆ ಮಂಡಿ ಮಡಚಿ ಕೂತು, ಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು ಏಳಿ. ತಿರುಗುವಾಗ ಪಾದ ತಿರುಗಲಿ, ಸೊಂಟ ತಿರುಚಬೇಡಿ. ಚಪ್ಪಡಿಯನ್ನಂತೂ ಕೈಗಾಡಿ ಬರುವವರೆಗೆ ನಮ್ಮಲ್ಲಿ ಯಾರೂ ಮುಟ್ಟುವುದಿಲ್ಲ. ವಿಕಾಸ್ ನಿಮ್ಮನ್ನು ಬೇಡ ಎಂದರೆ ನಾವ್ಯಾರೂ ಬರುವುದಿಲ್ಲ. ಉಳಿದವರ ಹತ್ತಿರ ಮಾತಾಡಿಯಾಗಿದೆ.

ಗಳ ನನ್ನ ಮನೆಯಲ್ಲಿ ಉಂಟು. ನಡುವೆ, ಹಗ್ಗದ ಆಚೆಗೊಂದು ಈಚೆಗೊಂದು ಮೊಳೆ ಹೊಡೆದಿದ್ದೇನೆ. ಇನ್ನು ಅದರಲ್ಲಿ ಏನೇ ಹೊತ್ತರೂ, ನೀವು ಎಷ್ಟು ಎಳೆದರೂ ಹಗ್ಗ ಸರಿಯುವುದಿಲ್ಲ.

ದೇವರು ನಿಮ್ಮ ಕಾಲಿಗೆ ನೋವನ್ನು ಮರಳಿ ಕೊಡಲಿ.

ಗಳದ ಇನ್ನೊಂದು ತುದಿಯಿಂದ,
ನಿಮ್ಮ ಝೀಟಾ

ಸಭೆ ಅಲೆವೂರಿನ ನಮ್ಮ ಅಂಗಳದಲ್ಲಿ. ನಡೆದು ಬರಬೇಡಿ, ರಿಕ್ಷಾ ಕಳಿಸುತ್ತೇನೆ. ಭಾನುವಾರ, ಸಂಜೆ ನಾಲ್ಕು ಗಂಟೆಗೆ.