ತುಂಡು ಗೆರೆಯ ನಡುವಿನ ಜಾಗ

ಪಾದಾಂಗ್, ಅಕ್ಟೋಬರ್ 17, ಗುರುವಾರ

ಬೆಟ್ಟದ ಊರಿನ ಜಮಾರಿಸಜ್ಜ ಇವತ್ತು ಕೇಳಿದ ಮಾತು ರಾತ್ರಿ ಊಟಕ್ಕೂ ನನ್ನ ಜೊತೆಗೇ ಕೂತಿತ್ತು.

ಮೂರನೇ ವರ್ಷದ ಭೂವಿಜ್ಞಾನ ವಿದ್ಯಾರ್ಥಿಗಳನ್ನು ಸ್ತರಭಂಗ, ಅಂದರೆ ಭೂಕಂಪ ಹುಟ್ಟುವ ನೆಲದ ಸೀಳು, ತೋರಿಸಲು ಆ ಊರಿಗೆ ಕರೆದೊಯ್ದಿದ್ದೆ. ನೆಲ ಸೀಳಿದ್ದು ಕಂಡಲ್ಲಿ ನಕ್ಷೆಯಲ್ಲಿ ಇಡೀ ಗೆರೆ, ಮಣ್ಣು ಮುಚ್ಚಿದಲ್ಲಿ ತುಂಡು ಗೆರೆ. 'ಕಂಡರೆ ಇಡೀ ಗೆರೆ, ಕಾಣದಿದ್ದರೆ ತುಂಡಾಗಿ ಬರೆ' ಎಂದು ಪ್ರಾಸ ಕಟ್ಟಿ ಇಪ್ಪತ್ತು ವರ್ಷದಿಂದ ಬೀಗುತ್ತಿದ್ದೇನೆ. ಕನ್ನಡ ಬಾರದ ಈ ಊರಲ್ಲಿ ಮೆಚ್ಚುವವನೂ ನಾನೊಬ್ಬನೇ.

ಅಲ್ಲಿನ ಕಾಫಿ ಅಂಗಡಿಯ ಗೋಡೆಯ ಮೇಲೆ ನಾನು ಹಿಂದೆಂದೋ ಬರೆದ ನಕ್ಷೆ ತೂಗುತ್ತಿತ್ತು. ಅಜ್ಜ ತುಂಡುಗಳ ನಡುವೆ ಬೆರಳಿಟ್ಟ.

"ಅಕ್ಕನ ಮಗಳ ಮನೆಗೆ ಇಲ್ಲೇ ಪಾಯ ತೋಡಿಸ್ತಿದೀನಿ. ಗೆರೆ ಬಿಟ್ಟಿರೋ ಜಾಗ, ಅಪಾಯ ಇಲ್ಲ. ನಮ್ಮಲ್ಲಿ ಸೋದರಮಾವ ಅಂದ್ಮೇಲೆ ನಾನೇ ಕಟ್ಟಿಸ್ಬೇಕಲ್ಲ."

ವಿದ್ಯಾರ್ಥಿನಿ ಯೆಲ್ಮಿ ನಕ್ಕಳು. "ಬಿಟ್ಟಿರೋದಲ್ಲ ಅಜ್ಜಾ, ನಮ್ಮ ಮೇಷ್ಟ್ರ ಕಣ್ಣಿಗೆ ಕಂಡಿಲ್ಲ ಅಷ್ಟೆ! ಅಡಿಯಲ್ಲಿ ಸೀಳು ಹಾಗೇ ಹೋಗಿದೆ."

ಅವನು ನಗಲಿಲ್ಲ. ಬೆರಳು ಪಕ್ಕದ ಖಾಲಿಗೆ ಸರಿಯಿತು. "ಅಕ್ಕನ ಮನೆಗೂ ಇದನ್ನೇ ನೋಡಿ ನಾನು ಜಾಗ ಹೇಳಿದ್ದೆ. ಇಲ್ಲಿ."

ಹಿಂದಿನ ಭೂಕಂಪದಲ್ಲಿ ಆ ಮನೆ ಅಕ್ಕನ ಮೇಲೆಯೇ ಕುಸಿಯಿತಂತೆ. ಕ್ಷಮೆ ಕೇಳಲು ಬಾಯಿ ತೆರೆದೆ. ಬಂದದ್ದು ಗೆರೆಗಳ ಪಾಠ.

"ಆಯ್ತು ಬಿಡಿ, ಪಾಯ ಮುಚ್ಚಿಸ್ತೀನಿ," ಎಂದ. "ಅಕ್ಕನ ಗೋರಿ ಹತ್ರ ಹೋದಾಗ ಏನಂತ ಹೇಳ್ಲಿ ಮೇಷ್ಟ್ರೇ?"

ಅಂಗಡಿಯವನನ್ನು ಕೇಳಿ ನಕ್ಷೆ ತಂದಿದ್ದೇನೆ. ಖಾಲಿಗಳನ್ನೆಲ್ಲ ಶಾಯಿಯಿಂದ ಸೇರಿಸಿಯಾಯಿತು, ಅಕ್ಕನ ಮನೆಯಿದ್ದ ಅದೊಂದನ್ನು ಬಿಟ್ಟು. ಅಲ್ಲಿ ಲೇಖನಿ ಇಡಲು ಆಗುತ್ತಿಲ್ಲ. ಆ ಹೆಂಗಸಿನ ಹೆಸರೇನೆಂದು ಕೂಡ ನಾನು ಕೇಳಲಿಲ್ಲ.