ಇಪ್ಪತ್ತನಾಲ್ಕನೆಯ ಬಿಲ್ಲೆ

ನಿಂಬರ್ಗಾ, ತಾಲೂಕು ಆಳಂದ
ಸೋಮವಾರ, 14 ನವೆಂಬರ್ 1938

ನನ್ನ ರೂತಳಿಗೆ,

ನಿನ್ನ ಕಾಗದ ಗುರುವಾರ ಮುಟ್ಟಿತು. ನಾನು ಗಟ್ಟಿ ಇದ್ದೇನೆ, ಎಮ್ಮೆ ಈದಿದೆ, ಹಿಂಗಾರಿ ಜೋಳ ಮೊಣಕಾಲಿಗೆ ಬಂದಿದೆ. ನಿನ್ನ ಅಜ್ಜಿ ಹಣಮವ್ವನಿಗೆ ಕಣ್ಣು ಮಾತ್ರ ಮಂದ, ಬಾಯಿ ಮೊದಲಿನಂತೆಯೇ ಇದೆ. ಅಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ದೀಪ ಹಚ್ಚುತ್ತಾರೆ ಎಂದು ಬರೆದಿದ್ದೀ. ನರ್ಸ್ ಕೆಲಸ ಕಲಿಯಲು ಇನ್ನೊಂದು ವರ್ಷ ತಾನೇ, ತಡೆದುಕೋ.

ಎಂದಿನಂತೆ ಕಾಗದವನ್ನು ಚರ್ಚಿನ ಅಂಗಳದಲ್ಲಿ ಎಲ್ಲರ ಮುಂದೆ ಓದಿದೆ. ಬಾಲ್‌ಕೇರಿ ಎಂಬ ನೀನಿರುವ ಊರಿನ ಹೆಸರು ಬಂದ ಕೂಡಲೇ ನಿನ್ನ ಅಜ್ಜಿ ಮತ್ತೆ ನಕ್ಕಳು. ಹಳೆಯ ಪಾದ್ರಿ ಮಕ್ರೇ ಸಾಹೇಬರು ಮೊದಲು ಇಲ್ಲಿಗೆ ಬಂದು, ನಾನು ಸ್ಕಾಟ್ಲೆಂಡಿನ ಬಾಲ್‌ಕೇರಿಯವನು ಎಂದರಂತೆ. ಪಾಪ, ಇವರೂ ನಮ್ಮ ಹಾಗೆ ಕೇರಿಯವರೇ, ಊರೊಳಗೆ ಬಿಟ್ಟುಕೊಳ್ಳದ್ದಕ್ಕೇ ಇಷ್ಟು ದೂರ ಬಂದಿದ್ದಾರೆ ಎಂದು ನಮ್ಮ ಹಿರಿಯರು ತಿಳಿದರು. ಆ ಒಂದು ಮಾತಿನ ಮೇಲೆ ಹನ್ನೊಂದು ಮನೆಯವರು ದೀಕ್ಷಾಸ್ನಾನ ತೆಗೆದುಕೊಂಡರು. ಸಾಹೇಬರಿಗೆ ಇದು ಕೊನೆಯವರೆಗೂ ಗೊತ್ತಾಗಲಿಲ್ಲ. ಬೇಕಾದರೆ ಅಲ್ಲಿಯ ಚರ್ಚಿನವರು ತರುತ್ತಿರುವ ಚರಿತ್ರೆಯ ಪುಸ್ತಕದಲ್ಲಿ ಹಾಕಿಸು.

ನೀನು ಬರೆದ ಆ ಚರ್ಚಿನ ಚರಿತ್ರೆ ಎಲ್ಲರಿಗೂ ಹಿಡಿಸಿತು. 1764ರಲ್ಲಿ ಕಲ್ಲಿನಿಂದ ಕಟ್ಟಿದ್ದು, ಪಾದ್ರಿ ಯಾರಾಗಬೇಕೆಂದು ಜಮೀನ್ದಾರನೇ ಹೇಳುತ್ತಿದ್ದದ್ದು, ಅದನ್ನು ಒಪ್ಪದೆ 1843ರಲ್ಲಿ ಅರ್ಧ ಜನ ಎದ್ದು ಹೋಗಿ ಕುರಿಹಟ್ಟಿಯಲ್ಲಿ ನಿಂತು ಪ್ರಾರ್ಥನೆ ಮಾಡಿದ್ದು, ಆಮೇಲೆ ರಸ್ತೆಯ ಆಚೆಗೆ ಇನ್ನೊಂದು ಚರ್ಚು ಕಟ್ಟಿ ಎಂಬತ್ತಾರು ವರ್ಷ ಎರಡೂ ಚರ್ಚಿನ ಗಂಟೆ ಎದುರುಬದುರು ಬಾರಿಸಿದ್ದು, ಒಂಬತ್ತು ವರ್ಷದ ಕೆಳಗೆ ಮತ್ತೆ ಕೂಡಿದ್ದು. ಎರಡನೆಯ ಚರ್ಚಿನಲ್ಲಿ ಈಗ ಆಲೂಗಡ್ಡೆ ತುಂಬಿದ್ದಾರೆ ಎಂದು ಕೇಳಿ ಹೆಂಗಸರು ಲೊಚಗುಟ್ಟಿದರು. ಬಿಳಿಯರೂ ದೇವರ ಮನೆಯಲ್ಲಿ ಜಗಳಾಡುತ್ತಾರೆ ಎಂದು ತಿಳಿದು ಅಂಬಾರಾಯನಿಗೆ ಬಹಳ ಸಮಾಧಾನವಾಯಿತು. ಇಲ್ಲಿ ಚಾಪೆಯ ಜಾಗಕ್ಕೆ ಪ್ರತಿ ಭಾನುವಾರ ಜಗಳ ತೆಗೆಯುವವನು ಅವನೇ ಅಲ್ಲವೇ.

ಸೀಸದ ಬಿಲ್ಲೆಗಳ ಬಗ್ಗೆ ಕೇಳಿದ್ದೀ. ಅವು ಅಲ್ಲಿಯ ಹಳೆಯವು. ಅಲ್ಲಿ ಬಿಲ್ಲೆಯ ಬದಲು ಚೀಟಿ ಕೊಡುವ ಪದ್ಧತಿ ಬಂದ ಮೇಲೆ ಇಪ್ಪತ್ತನಾಲ್ಕು ಬಿಲ್ಲೆಗಳನ್ನು ಚೀಲಕ್ಕೆ ಹಾಕಿ ನಮಗೆ ಕಳಿಸಿದ್ದರು. ಪ್ರಭುಭೋಜನದ ಹಿಂದಿನ ಶನಿವಾರ ಸಭೆಯ ಹಿರಿಯನು ಮನೆಮನೆಗೆ ಬಂದು, ನಡತೆ ವಿಚಾರಿಸಿ, ಯೋಗ್ಯರಿಗೆ ಒಂದೊಂದು ಕೊಡುತ್ತಿದ್ದನು. ಭಾನುವಾರ ಅದನ್ನು ತಿರುಗಿ ಅವನ ಕೈಗಿಟ್ಟವರಿಗೇ ರೊಟ್ಟಿ. ನೀನು ಸಣ್ಣವಳಿದ್ದಾಗ ಒಂದು ಕಳೆದುಹೋಯಿತು. ಎಲ್ಲಿ, ಹೇಗೆ, ನನಗೆ ಗೊತ್ತಿಲ್ಲ.

ನೀನು ಹೊರಡುವಾಗ ಹೊಲಿದು ಕೊಟ್ಟ ಕೌದಿ ಆ ಚಳಿಗೆ ಸಾಕಾಗುತ್ತದೆಯೇ? ಹರಿದಿದ್ದರೆ ಯಾರಿಗೂ ಕೊಡಬೇಡ, ಎಸೆಯಬೇಡ.

ಬುಧವಾರ

ಸೋಮವಾರ ಬಿಲ್ಲೆಯ ಬಗ್ಗೆ ಬರೆದದ್ದು ಸುಳ್ಳು. ಆ ಹಾಳೆ ಹರಿಯುವುದಿಲ್ಲ, ನಾನು ಮೊದಲು ಏನು ಬರೆದೆ ಎಂಬುದೂ ನಿನಗೆ ಗೊತ್ತಿರಲಿ.

ನಿನ್ನ ಕಾಗದದ ಕೊನೆಯಲ್ಲಿ ಆ ಸಾಲು ಇದೆಯೆಂದು ನನಗೇನು ಗೊತ್ತು, ಗಟ್ಟಿಯಾಗಿ ಓದಿಬಿಟ್ಟೆ. ನಿಂಬರ್ಗಾದ ಹಿರಿಯ ದಶರಥನು ಒಂದು ಬಿಲ್ಲೆ ಕದ್ದದ್ದರಿಂದ ಅವನನ್ನು ಹಿರಿಯತನದಿಂದ ತೆಗೆಯಲಾಯಿತು ಎಂದು ಮಕ್ರೇ ಸಾಹೇಬರು ಬರೆದಿಟ್ಟಿದ್ದಾರೆ, ಅದೇ ಜನವರಿಯಲ್ಲಿ ಅಚ್ಚಾಗುತ್ತದೆ, ಈ ದಶರಥ ನಮ್ಮ ದಶರಥಜ್ಜನೇ ಏನು ಎಂದು ಕೇಳಿದ್ದೀ. ದಶರಥ ಎದುರಿಗೇ ಕುಳಿತಿದ್ದ. ಅವನೇ ಕೇಳಿದ: "ನನ್ನ ಹೆಸರು ಅಲ್ಲಿತನಕ ಹೋಗ್ಯಾದೇನು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವಳು ನಾನು. ಇಪ್ಪತ್ತು ವರ್ಷ ಮುಟ್ಟಿಕೊಳ್ಳಲಿಲ್ಲ.

ಕೇಳು. 1918, ಜ್ವರದ ವರ್ಷ. ಕೇರಿಯಲ್ಲಿ ಹೆಣ ಹೊರಲು ಜನ ಸಾಲುತ್ತಿರಲಿಲ್ಲ. ನಿನ್ನ ಅಪ್ಪ ಹೋಗಿ ಒಂಬತ್ತು ದಿನವಾಗಿತ್ತು, ನಿನ್ನ ಮೈ ಕೆಂಡವಾಗಿತ್ತು. ನಿನ್ನ ಅಜ್ಜಿ, ಆಳಂದದ ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸು ಎಂದು ಕುಳಿತಳು. ಕಟ್ಟಿಸಿದರೆ ಸಭೆಯಿಂದ ಹೊರಗೆ ಹಾಕುತ್ತಾರೆ. ಕಟ್ಟದಿದ್ದರೆ ನೀನು ಹೋಗುತ್ತೀ. ಅದೇ ಶನಿವಾರ ದಶರಥ ಬಂದು ನನ್ನ ಕೈಗೆ ಬಿಲ್ಲೆ ಕೊಟ್ಟು ಹೋದ. ಇದು ನಮ್ಮ ದೇವರದೇ, ಯೋಗ್ಯರಿಗೆಂದೇ ಕೊಟ್ಟದ್ದು, ಇದಕ್ಕಿಂತ ದೊಡ್ಡ ತಾಯಿತ ಯಾವುದು ಎನ್ನಿಸಿತು. ಮೊಳೆ ಹೊಡೆದು ತೂತು ಮಾಡಿ, ಕರಿ ದಾರ ಪೋಣಿಸಿ ನಿನ್ನ ಕೊರಳಿಗೆ ಕಟ್ಟಿದೆ. ಸೀಸ ವಿಷ ಎಂದು ಈಗ ನೀನು ಬೈಯುತ್ತೀ, ಬೈ. ಬೆಳಗಾಗುವುದರೊಳಗೆ ನಿನಗೆ ಬೆವರು ಬಂತು.

ನಿನ್ನನ್ನು ಎತ್ತಿಕೊಂಡೇ ಚರ್ಚಿಗೆ ಹೋದೆ. ದಶರಥ ಕೈ ಚಾಚಿದಾಗ ಖಾಲಿ ಮುಷ್ಟಿ ಅವನ ಅಂಗೈಗೆ ಒತ್ತಿದೆ. ನಾನು ರೊಟ್ಟಿ ತಿಂದೆ. ಕೊನೆಗೆ ಎಣಿಸಿದರೆ ಇಪ್ಪತ್ಮೂರು. ಗುಂಡು ಎರಕ ಹೊಯ್ಯುವವರಿಗೆ ಮಾರಿದೆಯಾ ಎಂದು ಸಾಹೇಬರು ಎಲ್ಲರ ಮುಂದೆ ಕೇಳಿದರು. ದಶರಥ, ಎಣಿಸಿ ಕೊಟ್ಟವನೂ ನಾನು, ಎಣಿಸಿ ತಕ್ಕೊಂಡವನೂ ನಾನು, ಜವಾಬು ನನ್ನದು ಎಂದಷ್ಟೇ ಹೇಳಿದ. ಅಂದಿನಿಂದ ಅವನ ಜಾಗ ಹಿಂದಿನ ಚಾಪೆ. ನಾನು ಮರುದಿನವೇ ಬಿಲ್ಲೆಯನ್ನು ಕರಿ ಬಟ್ಟೆಯಲ್ಲಿ ಹೊಲಿದೆ. ಬಿಚ್ಚಿ ಕೊಟ್ಟರೆ ನೀನು ಹೋಗಿಬಿಡುತ್ತೀ ಎಂಬ ಭಯ. ಆಮೇಲೆ ಭಯ ಹೋಯಿತು, ನಾಚಿಕೆ ಉಳಿಯಿತು. ಅವನಿಗೆ ಪ್ರತಿ ಹಬ್ಬಕ್ಕೂ ಹೋಳಿಗೆ ಕಳಿಸಿದೆ, ಮಾತು ಮಾತ್ರ ಕಳಿಸಲಿಲ್ಲ.

ನಿನ್ನೆ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಹಗ್ಗ ಹೊಸೆಯುತ್ತಿದ್ದ, ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅವನಿಗೆ ಆವತ್ತೇ ಗೊತ್ತಿತ್ತು, ರೂತ್. ನನ್ನ ಸೆರಗು ಸರಿದಾಗ ನಿನ್ನ ಕೊರಳಲ್ಲಿ ನೋಡಿದ್ದನಂತೆ.

"ಆವತ್ತ ಬಿಲ್ಲೆ ಕೇಳಿದ್ರ ಕೂಸಿನ ಕೊಳ್ಳಾಗಿಂದು ಹರಕೋಬೇಕಾಗ್ತಿತ್ತು ತಂಗಿ. ನನ್ನ ಸಣ್ಣಾಂವ ಹೋಗಿ ಮೂರೇ ದಿನಾ ಆಗಿತ್ತು. ಕೈ ಬರ್ಲಿಲ್ಲ."

ರೂತಳಿಗೆ ಬರೆದು ತಿಳಿಸುತ್ತೇನೆ ಎಂದೆ. ಬೇಡ ಎನ್ನುತ್ತಾನೆ ಎಂದುಕೊಂಡಿದ್ದೆ. ಬೇಡ ಎನ್ನಲಿ ಎಂಬ ಆಸೆಯೂ ಒಳಗೆ ಇತ್ತು, ಮುಚ್ಚಿಡುವುದಿಲ್ಲ.

"ಬರಿ," ಎಂದ. "ಲಗೂನ ಬರಿ. ನನಗೂ ಮೊಮ್ಮಕ್ಕಳದಾವ."

ಅದಕ್ಕೇ ಬರೆಯುತ್ತಿದ್ದೇನೆ. ಅಲ್ಲಿಯ ಪಾದ್ರಿಗಳಿಗೆ ಈ ಕಾಗದವನ್ನು ಇಂಗ್ಲಿಷಿನಲ್ಲಿ ಓದಿ ಹೇಳು, ಒಂದು ಮಾತೂ ಮೃದು ಮಾಡಬೇಡ. ಬಿಲ್ಲೆ ಇಟ್ಟುಕೊಂಡವಳು ಬೈಬಲ್ ಓದಿ ಹೇಳುವ ಚಂದಮ್ಮ ಎಂದೇ ಅಚ್ಚಾಗಲಿ. ಇಲ್ಲಿ ಭಾನುವಾರ ನಾನೇ ಎದ್ದು ನಿಂತು ಹೇಳುತ್ತೇನೆ. ಓದಿ ಹೇಳುವ ಕೆಲಸ ಹೋದರೆ ಎಮ್ಮೆ ಇದೆ.

ಇನ್ನೊಂದು. 1843ರಲ್ಲಿ ಎದ್ದು ಹೋದವರ ಹಿರಿಯನು ಬಿಲ್ಲೆಗಳ ಚೀಲವನ್ನೇ ಹೆಗಲಿಗೆ ಹಾಕಿಕೊಂಡು ಹೋದ, ಅವನ ಧೈರ್ಯಕ್ಕೆ ಪುಸ್ತಕದಲ್ಲಿ ಒಂದು ಪುಟ ಇದೆ ಎಂದು ನೀನೇ ಬರೆದಿದ್ದೀ. ಅವನು ಚೀಲ ಒಯ್ದರೆ ಧೀರ, ನಮ್ಮ ದಶರಥ ಒಂದನ್ನೂ ಒಯ್ಯದೆ ಕಳ್ಳ. ಪಾದ್ರಿಗಳನ್ನು ಇದನ್ನೂ ಕೇಳು, ಮರ್ಯಾದೆಯಿಂದಲೇ ಕೇಳು.

ನಿಜಾಮರ ಅಂಚೆಯ ಮೇಲೆ ನನಗೆ ಭರವಸೆಯಿಲ್ಲ. ಲಾಡ್ಲೆಸಾಬ ನಾಳೆ ತೊಗರಿ ಹೇರಿಕೊಂಡು ಸೊಲ್ಲಾಪುರಕ್ಕೆ ಹೋಗುತ್ತಾನೆ, ಅಲ್ಲಿ ಡಬ್ಬಿಗೆ ಹಾಕುತ್ತಾನೆ. ಜನವರಿಯೊಳಗೆ ಮುಟ್ಟಲಿ.

ನಿನ್ನ ಅವ್ವ,
ಚಂದಮ್ಮ

ತಾಜಾಕಲಂ: ಕೌದಿಯ ಕೆಂಪು ಮೂಲೆ ಬಿಚ್ಚು, ನಾಲ್ಕು ಪದರದ ಒಳಗೆ ಬಿಲ್ಲೆ ಇದೆ. ತೂತು ನನ್ನದು. ಮುಂದಿನ ಪ್ರಭುಭೋಜನಕ್ಕೆ ಅಲ್ಲಿಯ ಹಿರಿಯನ ಕೈಗಿಟ್ಟು, ನಿಂಬರ್ಗಾದ ದಶರಥನ ಎಣಿಕೆ ಪೂರ್ತಿಯಾಯಿತು ಎಂದು ಹೇಳು. ಹೊಲಿಗೆಯನ್ನು ಹಗಲಿನಲ್ಲೇ ಬಿಚ್ಚು. ಬಿಚ್ಚಿದ ಮೇಲೆ, ಆರಾಮ ಇದ್ದೇನೆ ಎಂದು ಒಂದು ಸಾಲು ಅಂದೇ ಬರೆದು ಹಾಕು. ಅಂದೇ.